ನಾಚಿಕೆ ಬಿಟ್ಟು ತಿಳಿಯೋಣ: ಹಾರ್ಮೋನುಗಳು ಮತ್ತು ಹೆಣ್ಣಿನ ದಾಂಪತ್ಯ ಆರೋಗ್ಯ



ಕಳೆದ ಪಾಠದಲ್ಲಿ ರಕ್ತಹೀನತೆಯ ಬಗ್ಗೆ ತಿಳಿದುಕೊಂಡೆವು. ಆ ಪಾಠ ನಡೆಸಲು ಒಂದು ಸಂಘದ ಸಭೆಗೆ ಹೋಗಿದ್ದಾಗ ನಡೆದ ಸಂಗತಿಯೇ ಇಂದಿನ ಪಾಠಕ್ಕೆ ಕಾರಣ. ಉಳಿತಾಯ ಕಟ್ಟಿ, ಕಂತಿನ ಲೆಕ್ಕ ಬರೆದು ಮುಗಿಸಿದ ಮೇಲೆ ಒಬ್ಬ ಸದಸ್ಯೆ ಸಾಲದ ಅರ್ಜಿ ಕೊಟ್ಟರು. ಮೊತ್ತ 40,000 ರೂಪಾಯಿ. ಕಾರಣ ಬರೆಯುವ ಜಾಗದಲ್ಲಿ ‘ಆರೋಗ್ಯ’ ಎಂದಷ್ಟೇ ಇತ್ತು. ಪ್ರತಿನಿಧಿ ಕೇಳಿದರು, “ಏನಮ್ಮ ಆರೋಗ್ಯ?” ಆಕೆ ತಲೆ ತಗ್ಗಿಸಿ, “ಗರ್ಭಕೋಶ ತೆಗೆಸ್ಬೇಕು” ಅಂದರು. ವಯಸ್ಸು 36.

ಸಭೆ ಮುಗಿದ ಮೇಲೆ ನಾವು ಆಕೆಯ ಪಕ್ಕದಲ್ಲಿ ಕುಳಿತು ಮಾತನಾಡಿಸಿದೆವು. ಒಂದು ವರ್ಷದಿಂದ ಮುಟ್ಟು ಹೆಚ್ಚಾಗಿ ಹೋಗುತ್ತಿದೆ, ಕೆಲವು ತಿಂಗಳು ಎರಡು ಸಲ ಬರುತ್ತದೆ. ಯಾವಾಗಲೂ ಸುಸ್ತು. ಅಡಿಕೆ ಸುಲಿಯಲು ಕೂತರೆ ಅಲ್ಲೇ ತೂಕಡಿಕೆ. ಮೈ ದಪ್ಪ ಆಗಿದೆ, ಕೂದಲು ಉದುರುತ್ತಿದೆ. ಕೊನೆಗೆ ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: “ಸಿಸ್ಟರ್, ನನಗೆ ಗಂಡನ ಹತ್ತಿರ ಹೋಗೋಕೆ ಮನಸ್ಸೇ ಇಲ್ಲ. ಹೋದ್ರೂ ನೋವು. ಅವರು ‘ನಿನಗೆ ನನ್ನ ಮೇಲೆ ಪ್ರೀತಿ ಇಲ್ಲ’ ಅಂತಾರೆ. ದಿನಾ ಜಗಳ.” ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಸ್ಕ್ಯಾನಿಂಗ್ ಮಾಡಿ, “ಮಕ್ಕಳಾಗಿವೆಯಲ್ಲ, ಇನ್ನೇಕೆ ಇಟ್ಟುಕೊಳ್ತೀರಿ? ತೆಗೆಸಿಬಿಡಿ” ಎಂದಿದ್ದರಂತೆ. ರಕ್ತ ಪರೀಕ್ಷೆ ಏನೂ ಆಗಿರಲಿಲ್ಲ.

ಈ ಸಹೋದರಿಯ ಕಥೆ ಮುಂದೇನಾಯಿತು ಎಂದು ಕೊನೆಯಲ್ಲಿ ಹೇಳುತ್ತೇವೆ. ಅದಕ್ಕೆ ಮೊದಲು ಒಂದು ಮಾತು. ನಮ್ಮ ಸಭೆಗಳಲ್ಲಿ ಈ ವಿಷಯ ಎತ್ತಿದಾಗೆಲ್ಲ ಹಿಂದಿನ ಸಾಲಿನಿಂದ ಯಾರಾದರೂ ನಕ್ಕು, “ಸಿಸ್ಟರ್, ಇದೆಲ್ಲ ನಿಮಗೆ ಹೇಗೆ ಗೊತ್ತು?” ಅಂತ ಕೇಳೇ ಕೇಳ್ತಾರೆ. ನಾವು ಮದುವೆಯಾದವರಲ್ಲ, ನಿಜ. ಆದರೆ ನಮಗೂ ನಿಮ್ಮ ಹಾಗೆಯೇ ಮುಟ್ಟು ಬಂದಿದೆ, ನಿಮ್ಮ ಹಾಗೆಯೇ ನಿಂತಿದೆ. ರಾತ್ರಿ ಮೈಯೆಲ್ಲ ಬಿಸಿಯಾಗಿ ಬೆವರಿ ಎದ್ದು ಕುಳಿತಿದ್ದೇವೆ. ಹೆಣ್ಣಿನ ಮೈ ಎಲ್ಲರಿಗೂ ಒಂದೇ. ಇಷ್ಟು ವರ್ಷ ನಿಮ್ಮಂಥ ಸಾವಿರಾರು ಹೆಂಗಸರು ನಮ್ಮ ಬಳಿ ಹೇಳಿಕೊಂಡ ಕಷ್ಟಗಳೇ ನಮಗೆ ದೊಡ್ಡ ಪಾಠಶಾಲೆ.

ಹಾರ್ಮೋನ್ ಅಂದರೇನು?

ಹಾರ್ಮೋನ್ ಎಂದರೆ ನಮ್ಮ ದೇಹದ ಗ್ರಂಥಿಗಳು ರಕ್ತಕ್ಕೆ ಬಿಡುವ ಒಂದು ರಸ. ಕೆಲವು ಕನ್ನಡ ಪುಸ್ತಕಗಳಲ್ಲಿ ಇದನ್ನು ‘ರಸದೂತ’ ಎಂದೂ ಬರೆಯುತ್ತಾರೆ. ಬಹಳ ಒಳ್ಳೆಯ ಹೆಸರು. ದೂತ ಎಂದರೆ ಸುದ್ದಿ ಒಯ್ಯುವವನು. ‘ಹಾರ್ಮೋನ್’ ಎಂಬ ಪದವನ್ನು 1905ರಲ್ಲಿ ಮೊದಲು ಬಳಸಿದವರು ಇಂಗ್ಲೆಂಡಿನ ವಿಜ್ಞಾನಿ ಅರ್ನೆಸ್ಟ್ ಸ್ಟಾರ್ಲಿಂಗ್.

ನಮ್ಮ ಸಂಘಕ್ಕೇ ಹೋಲಿಸಿ ನೋಡೋಣ. ಬ್ಯಾಂಕಿನಿಂದ ಸಂಘಕ್ಕೆ ಸುದ್ದಿ ಬರುತ್ತದೆ, ಸಂಘ ಕೆಲಸ ಮಾಡಿ ಬ್ಯಾಂಕಿಗೆ ತಿರುಗಿ ಸುದ್ದಿ ಕಳಿಸುತ್ತದೆ. ಹಾಗೆಯೇ ಮಿದುಳಿನ ಕೆಳಗೆ ಪಿಟ್ಯುಟರಿ ಎಂಬ ಕಡಲೆಕಾಳಿನಷ್ಟು ಸಣ್ಣ ಗ್ರಂಥಿ ಇದೆ. ಅದು ಅಂಡಾಶಯಕ್ಕೆ “ಕೆಲಸ ಶುರುಮಾಡು” ಎಂದು ಸುದ್ದಿ ಕಳಿಸುತ್ತದೆ. ಅಂಡಾಶಯ ತನ್ನ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದು ಸಾಕಷ್ಟಾಯಿತು ಎಂದು ಮಿದುಳಿಗೆ ತಿಳಿದಾಗ ಮೇಲಿನ ಸುದ್ದಿ ಕಡಿಮೆಯಾಗುತ್ತದೆ. ಈ ಹೋಗಿ ಬರುವ ಸುದ್ದಿ ಸರಿಯಾಗಿದ್ದರೆ ಮುಟ್ಟು ಸರಿ, ಮನಸ್ಸು ಸರಿ, ಮೈಯೂ ಸರಿ. ನಡುವೆ ಎಲ್ಲಾದರೂ ತಪ್ಪಿದರೆ ತೊಂದರೆ ಕಾಣಿಸುವುದು ಗರ್ಭಕೋಶದಲ್ಲಿ. ಆದರೆ ತಪ್ಪು ಗರ್ಭಕೋಶದ್ದೇ ಆಗಿರಬೇಕೆಂದಿಲ್ಲ. ಈ ಒಂದು ಮಾತನ್ನು ಚೆನ್ನಾಗಿ ನೆನಪಿಡಿ.

ಯಾವ ಹಾರ್ಮೋನಿನ ಕೆಲಸ ಏನು?

1. ಈಸ್ಟ್ರೋಜನ್: ಇದು ಮುಖ್ಯವಾಗಿ ಅಂಡಾಶಯದಲ್ಲಿ ಹುಟ್ಟುತ್ತದೆ. ಯೋನಿಯ ಒಳಗೋಡೆಯನ್ನು ದಪ್ಪವಾಗಿ, ಮೃದುವಾಗಿ, ಹಿಗ್ಗುವಂತೆ ಇಡುವುದು ಇದೇ. ಅಲ್ಲಿಗೆ ರಕ್ತ ಚೆನ್ನಾಗಿ ಹರಿಯುವಂತೆ, ಗಂಡ-ಹೆಂಡತಿ ಸೇರುವಾಗ ತೇವ ಇರುವಂತೆ ನೋಡಿಕೊಳ್ಳುತ್ತದೆ. ರೋಗಾಣು ಬೆಳೆಯದಂತೆ ಅಲ್ಲಿನ ಹುಳಿ ಗುಣವನ್ನು ಕಾಯುವುದರಲ್ಲೂ ಇದರ ಪಾಲಿದೆ. ಮೂಳೆಗೂ ಇದೇ ಬಲ.

2. ಪ್ರೊಜೆಸ್ಟರಾನ್: ಅಂಡ ಬಿಡುಗಡೆಯಾದ ಮೇಲೆ, ಅಂದರೆ ಮುಟ್ಟಿನ ಚಕ್ರದ ಎರಡನೇ ಅರ್ಧದಲ್ಲಿ ಹೆಚ್ಚಾಗುತ್ತದೆ. ಗರ್ಭ ನಿಲ್ಲಲು ಗರ್ಭಕೋಶವನ್ನು ಸಿದ್ಧ ಮಾಡುತ್ತದೆ. ಗರ್ಭ ನಿಲ್ಲದಿದ್ದರೆ ಈ ಹಾರ್ಮೋನ್ ಇಳಿಯುತ್ತದೆ, ಆಗ ಮುಟ್ಟು ಬರುತ್ತದೆ.

3. ಟೆಸ್ಟೋಸ್ಟಿರಾನ್: “ಅದು ಗಂಡಸರದ್ದಲ್ವಾ?” ಅಂತ ಕೇಳಬಹುದು. ಹೆಣ್ಣಿನಲ್ಲೂ ಸ್ವಲ್ಪ ಪ್ರಮಾಣದಲ್ಲಿ ಇದೆ. ಅಂಡಾಶಯ ಮತ್ತು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಇದನ್ನು ತಯಾರಿಸುತ್ತವೆ. ಆಸೆ ಹುಟ್ಟುವುದರಲ್ಲಿ ಇದಕ್ಕೂ ಪಾಲಿದೆ.

4. ಪ್ರೊಲ್ಯಾಕ್ಟಿನ್: ಬಾಣಂತಿಯ ಎದೆಹಾಲು ತಯಾರಿಸುವ ಹಾರ್ಮೋನ್. ಇದು ಹೆಚ್ಚಿದ್ದಾಗ ಈಸ್ಟ್ರೋಜನ್ ಕಡಿಮೆ ಇರುತ್ತದೆ.

5. ಆಕ್ಸಿಟೋಸಿನ್: ಹೆರಿಗೆ ನೋವು ತರುವುದು, ಮಗು ಬಾಯಿ ಹಾಕಿದಾಗ ಹಾಲು ಇಳಿಸುವುದು ಇದರ ಕೆಲಸ. ಪ್ರೀತಿಯಿಂದ ಮುಟ್ಟಿದಾಗ, ಅಪ್ಪಿಕೊಂಡಾಗಲೂ ಇದು ಹೊರಬರುತ್ತದೆ.

6. ಥೈರಾಯ್ಡ್ ಹಾರ್ಮೋನ್: ಗಂಟಲಿನ ಮುಂಭಾಗದಲ್ಲಿರುವ ಗ್ರಂಥಿಯದು. ಇಡೀ ದೇಹದ ವೇಗ ಇದರ ಕೈಯಲ್ಲಿದೆ. ಕಡಿಮೆಯಾದರೆ ಸುಸ್ತು, ಮೈ ಭಾರ, ಚಳಿ ಆಗುವುದು, ಮಲಬದ್ಧತೆ, ಕೂದಲು ಉದುರುವುದು, ಮುಟ್ಟು ಏರುಪೇರು, ಮನಸ್ಸಿಗೆ ಮಂಕು, ದಾಂಪತ್ಯದಲ್ಲಿ ನಿರಾಸಕ್ತಿ ಎಲ್ಲವೂ ಬರಬಹುದು.

7. ಇನ್ಸುಲಿನ್: ಸಕ್ಕರೆ ಕಾಯಿಲೆಯಲ್ಲಿ ಕೇಳಿದ್ದೀರಿ. ಇದೂ ಹಾರ್ಮೋನೇ. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಆ ಜಾಗದಲ್ಲಿ ಪದೇ ಪದೇ ತುರಿಕೆ, ಸೋಂಕು, ಒಣಗುವುದು ಕಾಣಿಸಿಕೊಳ್ಳುತ್ತದೆ.

8. ಕಾರ್ಟಿಸಾಲ್: ಚಿಂತೆ, ಹೆದರಿಕೆ, ನಿದ್ದೆಗೇಡು ಇದ್ದಾಗ ಹೆಚ್ಚಾಗುವ ಹಾರ್ಮೋನ್. ಸಾಲದ ಚಿಂತೆಯಲ್ಲಿ ಮುಟ್ಟು ಹಿಂದೆ ಮುಂದೆ ಆದದ್ದು ನಿಮ್ಮಲ್ಲಿ ಎಷ್ಟೋ ಜನರಿಗೆ ನೆನಪಿರಬಹುದು.

ವಯಸ್ಸಿಗೆ ತಕ್ಕ ಹಾಗೆ ಏನೇನಾಗುತ್ತದೆ?

ಮುಟ್ಟಿನ ದಿನಗಳಲ್ಲಿ: ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನದವರೆಗೆ 21ರಿಂದ 35 ದಿನ ಇದ್ದರೆ ಅದು ಸಹಜ. ಎಲ್ಲರಿಗೂ 28 ದಿನವೇ ಆಗಬೇಕೆಂದಿಲ್ಲ. ಚಕ್ರದ ಮಧ್ಯದಲ್ಲಿ ಅಂಡ ಬಿಡುಗಡೆಯಾಗುವ ಹೊತ್ತಿಗೆ ಮೊಟ್ಟೆಯ ಬಿಳಿಭಾಗದ ಹಾಗೆ ತೆಳ್ಳಗೆ, ಎಳೆ ಬರುವ ಬಿಳಿ ಹೋಗುತ್ತದೆ. ಇದು ಕಾಯಿಲೆ ಅಲ್ಲ, ಹಾರ್ಮೋನಿನ ಕೆಲಸ. ಕೆಲವರಿಗೆ ಆ ದಿನಗಳಲ್ಲಿ ಗಂಡನ ಮೇಲೆ ಆಸೆ ಹೆಚ್ಚಿರುತ್ತದೆ. ಅದೂ ಸಹಜವೇ, ಪಾಪವಲ್ಲ. ಮುಟ್ಟು ಹತ್ತಿರ ಬಂದಾಗ ಎದೆ ಬಿಗಿತ, ಸಿಡುಕು, ಅಳು ಬರುವುದು ಉಂಟು. ಆದರೆ ಬಿಳಿ ಹೋಗುವುದಕ್ಕೆ ಕೆಟ್ಟ ವಾಸನೆ, ತುರಿಕೆ, ಹಸಿರು ಅಥವಾ ಮೊಸರಿನಂಥ ಗಟ್ಟಿ ಬಣ್ಣ ಇದ್ದರೆ ಅದು ಸೋಂಕು. ಮಾತ್ರೆಯಿಂದ ವಾಸಿಯಾಗುತ್ತದೆ. ಗರ್ಭಕೋಶ ತೆಗೆಸಬೇಕಾಗಿಲ್ಲ.

ಹುಡುಗಿಯರಲ್ಲಿ: ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುವುದು, ಮುಖದ ಮೇಲೆ ಕೂದಲು, ಮೊಡವೆ, ತೂಕ ಏರುವುದು ಕಂಡರೆ ಅದು ಪಿಸಿಒಡಿ ಇರಬಹುದು. ಇಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಟೆಸ್ಟೋಸ್ಟಿರಾನ್ ಬೇಕಾದ್ದಕ್ಕಿಂತ ಜಾಸ್ತಿ ಇರುತ್ತದೆ. ಮಗಳಿಗೆ “ಗಡ್ಡ ಬರ್ತಿದೆ” ಅಂತ ಹೀಯಾಳಿಸಬೇಡಿ, ಡಾಕ್ಟರ ಬಳಿ ಕರೆದುಕೊಂಡು ಹೋಗಿ. ನಡಿಗೆ, ಆಟ, ಬೇಕರಿ ತಿಂಡಿ ಕಡಿಮೆ ಮಾಡುವುದು ಇವುಗಳಿಂದಲೇ ಬಹಳಷ್ಟು ಸುಧಾರಿಸುತ್ತದೆ.

ಬಾಣಂತನದಲ್ಲಿ: ಹೆರಿಗೆಯಾದ ಕೆಲವೇ ದಿನಗಳಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎರಡೂ ದಢಾರನೆ ಇಳಿಯುತ್ತವೆ, ಪ್ರೊಲ್ಯಾಕ್ಟಿನ್ ಏರುತ್ತದೆ. ಆದ್ದರಿಂದ ಹಾಲೂಡಿಸುವ ತಾಯಿಗೆ ಯೋನಿ ಒಣಗಿರುತ್ತದೆ, ಆಸೆ ಕಡಿಮೆ ಇರುತ್ತದೆ, ಸೇರಿದರೆ ಉರಿಯುತ್ತದೆ. ಜೊತೆಗೆ ಹೊಲಿಗೆಯ ಗಾಯ, ರಾತ್ರಿ ನಿದ್ದೆ ಇಲ್ಲ. ಇದು ತಾಯಿಯ ತಪ್ಪಲ್ಲ, ಪ್ರಕೃತಿಯೇ ಆಕೆಗೆ ಕೊಟ್ಟ ವಿರಾಮ. ಅತ್ತೆಯರೂ ಗಂಡಂದಿರೂ ಇದನ್ನು ತಿಳಿಯಬೇಕು. ಗಾಯ ಮಾಯ್ದು, ರಕ್ತ ಹೋಗುವುದು ನಿಂತು, ತಾಯಿಗೆ ಮನಸ್ಸು ಬರುವವರೆಗೆ ಕಾಯಬೇಕು. ಸಾಮಾನ್ಯವಾಗಿ ಆರು ವಾರವಾದ ಮೇಲೆ ಡಾಕ್ಟರ ಹತ್ತಿರ ಒಮ್ಮೆ ತೋರಿಸಿಕೊಳ್ಳುವುದು ಒಳ್ಳೆಯದು. ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ಮಗುವಿನ ಮೇಲೂ ಮನಸ್ಸಿಲ್ಲ ಎಂದಾದರೆ ‘ಸೋಂಕಿದೆ, ದೃಷ್ಟಿಯಾಗಿದೆ’ ಎಂದು ಕೂರಬೇಡಿ. ಅದು ಬಾಣಂತಿಯ ಖಿನ್ನತೆ, ಅದಕ್ಕೆ ಚಿಕಿತ್ಸೆ ಇದೆ.

ಮುಟ್ಟು ನಿಲ್ಲುವಾಗ: ನಮ್ಮ ದೇಶದಲ್ಲಿ ಹೆಂಗಸರಿಗೆ ಸರಾಸರಿ 46-47ನೇ ವಯಸ್ಸಿನಲ್ಲಿ ಮುಟ್ಟು ನಿಲ್ಲುತ್ತದೆ. ಪೂರ್ತಿ 12 ತಿಂಗಳು ಮುಟ್ಟು ಆಗದಿದ್ದರೆ ‘ನಿಂತಿತು’ ಎಂದು ಅರ್ಥ. ಅದಕ್ಕೆ ಮೊದಲಿನ ಕೆಲವು ವರ್ಷ ಹಾರ್ಮೋನ್ ಏರಿಳಿಯುತ್ತಿರುತ್ತದೆ. ಮೈ ಬಿಸಿ, ರಾತ್ರಿ ಬೆವರು, ನಿದ್ದೆ ಬಾರದಿರುವುದು, ಮರೆವು, ಸಿಡುಕು ಇರುತ್ತವೆ. ಈಸ್ಟ್ರೋಜನ್ ಇಳಿದ ಮೇಲೆ ಯೋನಿಯ ಗೋಡೆ ತೆಳ್ಳಗಾಗಿ ಒಣಗುತ್ತದೆ. ಗಂಡನ ಜೊತೆ ಸೇರುವಾಗ ನೋವು, ಮೂತ್ರಕ್ಕೆ ಅವಸರ, ಪದೇ ಪದೇ ಉರಿಮೂತ್ರ ಬರಬಹುದು. ಬಿಸಿ, ಬೆವರು ಕೆಲವು ವರ್ಷಗಳಲ್ಲಿ ತಾವಾಗಿ ಕಡಿಮೆಯಾಗುತ್ತವೆ. ಆದರೆ ಈ ಒಣಗುವಿಕೆ ಚಿಕಿತ್ಸೆ ಮಾಡದಿದ್ದರೆ ಹಾಗೇ ಉಳಿಯುತ್ತದೆ, ಹೆಚ್ಚಾಗುತ್ತದೆ. “ವಯಸ್ಸಾಯ್ತು, ಇನ್ನೇನು” ಅಂತ ಸಹಿಸಿಕೊಂಡು ಕೂರುವ ಅಗತ್ಯವಿಲ್ಲ.

ಗರ್ಭಕೋಶ ತೆಗೆಸುವ ಮುಂಚೆ

ಈಗ ಮುಖ್ಯ ವಿಷಯಕ್ಕೆ ಬರೋಣ. “ಮಕ್ಕಳಾದ ಮೇಲೆ ಗರ್ಭಕೋಶ ಬೇಡದ ವಸ್ತು, ಇಟ್ಟುಕೊಂಡರೆ ಕ್ಯಾನ್ಸರ್ ಆಗುತ್ತದೆ” ಎಂಬ ಹೆದರಿಕೆ ನಮ್ಮ ಹಳ್ಳಿಗಳಲ್ಲಿ ಹಬ್ಬಿದೆ. ಈ ಹೆದರಿಕೆಯನ್ನು ಹಣ ಮಾಡಿಕೊಂಡವರೂ ಇದ್ದಾರೆ. 2015ರಲ್ಲಿ ಕಲಬುರಗಿ ಜಿಲ್ಲೆಯ ಹಳ್ಳಿ, ತಾಂಡಾಗಳ ಬಡ ಹೆಂಗಸರಿಗೆ ಹೊಟ್ಟೆನೋವು, ಬಿಳಿ ಹೋಗುವುದು ಇಂಥ ಕಾರಣಕ್ಕೇ ದೊಡ್ಡ ಸಂಖ್ಯೆಯಲ್ಲಿ ಗರ್ಭಕೋಶ ತೆಗೆದಿರುವುದು ಬೆಳಕಿಗೆ ಬಂದು ತನಿಖೆಯಾಯಿತು. 2019ರಲ್ಲಿ ಪಕ್ಕದ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ವಿಷಯದಲ್ಲೂ ಇದೇ ಸುದ್ದಿ. ಮುಟ್ಟಿನ ದಿನ ಕೂಲಿ ತಪ್ಪುತ್ತದೆಂದು ಚಿಕ್ಕ ವಯಸ್ಸಿಗೇ ಗರ್ಭಕೋಶ ತೆಗೆಸಿಕೊಂಡವರು ಅವರಲ್ಲಿದ್ದರು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಇಲಾಖೆ ಮಾಡಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಹೇಳಿತು.

ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದರೆ ಏನಾಗುತ್ತದೆ? ಹಾರ್ಮೋನಿನ ಮುಖ್ಯ ಮೂಲವೇ ಹೋಗುತ್ತದೆ. ನಿಧಾನವಾಗಿ ಬರಬೇಕಾದ ಮುಟ್ಟುನಿಲ್ಲುವ ಕಾಲ ಒಂದೇ ದಿನದಲ್ಲಿ ಬಂದುಬಿಡುತ್ತದೆ. ಈಸ್ಟ್ರೋಜನ್ ಬಹಳ ಇಳಿದುಬಿಡುತ್ತದೆ, ಟೆಸ್ಟೋಸ್ಟಿರಾನ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮೈ ಬಿಸಿ, ನಿದ್ದೆಗೇಡು, ಒಣಗುವಿಕೆ, ನಿರಾಸಕ್ತಿ ಬರುತ್ತವೆ. ಚಿಕ್ಕ ವಯಸ್ಸಿಗೇ ಮೂಳೆ ಸವೆಯುತ್ತದೆ, ಹೃದಯದ ತೊಂದರೆಯ ಸಾಧ್ಯತೆ ಹೆಚ್ಚುತ್ತದೆ. ಅಂಡಾಶಯ ಉಳಿಸಿ ಗರ್ಭಕೋಶ ಮಾತ್ರ ತೆಗೆದರೂ ಕೆಲವರಿಗೆ ಅಂಡಾಶಯ ಕೆಲವು ವರ್ಷ ಮೊದಲೇ ಕೆಲಸ ನಿಲ್ಲಿಸುತ್ತದೆ.

ಆ ದಿನ ಸಾಲದ ಅರ್ಜಿಯ ಮಾತು ನಡೆಯುತ್ತಿದ್ದಾಗ ಮೂಲೆಯಲ್ಲಿ ಕುಳಿತಿದ್ದ ಒಬ್ಬ ಅಕ್ಕ ಹೇಳಿದ ಮಾತು ನಮಗೆ ಇಂದಿಗೂ ಮರೆತಿಲ್ಲ. “ನನಗೆ ಮೂವತ್ನಾಲ್ಕಕ್ಕೇ ಎಲ್ಲಾ ತೆಗೆದ್ರು. ಏನೇನು ತೆಗೆದ್ರು ಅಂತ ನನಗೆ ಗೊತ್ತೇ ಇಲ್ಲ. ಆಮೇಲೆ ಮೈಗೆ ಬೆಂಕಿ ಬಿದ್ದ ಹಾಗೆ. ಗಂಡನ ಜೊತೆ ಮಲಗೋದು ಅಂದ್ರೆ ಅಳು. ಹೆಂಗಸು ಹಾಳಾದ್ಲು ಅಂತ ಅತ್ತೆ ಅಂದ್ರು. ನಾನೂ ಹಾಗೇ ಅಂದ್ಕೊಂಡೆ. ಹಾರ್ಮೋನ್ ಹೋಗುತ್ತೆ ಅಂತ ಒಬ್ಬರೂ ನನಗೆ ಹೇಳಲಿಲ್ಲ.” ಹನ್ನೊಂದು ವರ್ಷ ಈ ಅಕ್ಕ ತನ್ನನ್ನೇ ಬೈದುಕೊಂಡು ಬದುಕಿದ್ದರು.

ಹಾಗಾದರೆ ಯಾವಾಗ ತೆಗೆಸಬೇಕಾಗುತ್ತದೆ? ಕ್ಯಾನ್ಸರ್ ಇದ್ದಾಗ, ದೊಡ್ಡ ಗಡ್ಡೆಗಳಿಂದ ರಕ್ತಸ್ರಾವ ಔಷಧಿಗೂ ನಿಲ್ಲದಿದ್ದಾಗ, ಗರ್ಭಕೋಶ ಪೂರ್ತಿ ಜಾರಿ ಹೊರಬಂದಾಗ, ಹೆರಿಗೆಯಲ್ಲಿ ಜೀವಕ್ಕೆ ಅಪಾಯವಾದಾಗ. ಅಂಥ ಸಮಯದಲ್ಲಿ ಆಪರೇಷನ್ ಜೀವ ಉಳಿಸುತ್ತದೆ, ಹೆದರಬೇಡಿ, ತಡಮಾಡಬೇಡಿ. ಬೇರೆ ಸಂದರ್ಭದಲ್ಲಿ ಈ ಐದು ಪ್ರಶ್ನೆ ಕೇಳಿ:

• ನನ್ನ ಕಾಯಿಲೆಯ ಹೆಸರೇನು? ಚೀಟಿಯಲ್ಲಿ ಬರೆದುಕೊಡಿ.
• ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ಪರೀಕ್ಷೆ ಆಯಿತೇ?
• ಮಾತ್ರೆಯಿಂದ, ಅಥವಾ ಗಡ್ಡೆ ಮಾತ್ರ ತೆಗೆದು ವಾಸಿ ಮಾಡಬಹುದೇ?
• ತೆಗೆಯಲೇಬೇಕಾದರೆ ಅಂಡಾಶಯ ಉಳಿಸುತ್ತೀರಾ?
• ಆಮೇಲೆ ಹಾರ್ಮೋನ್ ಕಡಿಮೆಯಾದರೆ ಏನು ಮಾಡಬೇಕು?

ಇದಾದ ಮೇಲೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯವನ್ನೂ ಕೇಳಿ. ತಾಲ್ಲೂಕು ಅಥವಾ ಜಿಲ್ಲಾ ಸರ್ಕಾರಿ ಆಸ್ಪತ್ರೆಯ ಹೆರಿಗೆ ತಜ್ಞೆಗೆ ತೋರಿಸಿ.

ತಪ್ಪು ತಿಳುವಳಿಕೆ, ಸರಿ ತಿಳುವಳಿಕೆ

“ಮಕ್ಕಳಾಗದ ಆಪರೇಷನ್ ಆದ ಮೇಲೆ ಶಕ್ತಿ ಹೋಯಿತು, ಆಸೆ ಹೋಯಿತು.” ಆ ಆಪರೇಷನ್‌ನಲ್ಲಿ ಅಂಡ ಹೋಗುವ ನಾಳವನ್ನು ಮಾತ್ರ ಕಟ್ಟುತ್ತಾರೆ. ಅಂಡಾಶಯವನ್ನು ಮುಟ್ಟುವುದಿಲ್ಲ, ಹಾರ್ಮೋನ್ ಹಾಗೇ ಇರುತ್ತದೆ. ಸುಸ್ತಿಗೆ ಬೇರೆ ಕಾರಣ ಹುಡುಕಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಪ್ರತಿ 100 ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಮೈಯಲ್ಲಿ ರಕ್ತವೇ ಇಲ್ಲದಿದ್ದರೆ ಆಸೆ ಎಲ್ಲಿಂದ ಬರಬೇಕು?

“ಹಬ್ಬಕ್ಕೆ, ಮದುವೆಗೆ ಮುಟ್ಟು ಮುಂದೆ ಹಾಕೋ ಮಾತ್ರೆ ಮೆಡಿಕಲ್‌ನಲ್ಲಿ ಸಿಗುತ್ತೆ, ಏನಾಗಲ್ಲ.” ಅದೂ ಹಾರ್ಮೋನ್ ಮಾತ್ರೆಯೇ. ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಲಿವರ್ ತೊಂದರೆ ಇರುವವರು ತೆಗೆದುಕೊಳ್ಳಬಾರದು. ಡಾಕ್ಟರನ್ನು ಕೇಳದೆ ಬೇಡ. ಮುಟ್ಟು ಮೈಲಿಗೆ ಅಲ್ಲ ಎಂದು ತಿಳಿದರೆ ಮಾತ್ರೆಯೇ ಬೇಕಾಗುವುದಿಲ್ಲ.

“ಸೋಪು ಹಾಕಿ ಒಳಗೆಲ್ಲ ತೊಳೆಯಬೇಕು.” ಬೇಡ. ಒಳಭಾಗ ತನ್ನನ್ನು ತಾನೇ ಶುಚಿ ಮಾಡಿಕೊಳ್ಳುತ್ತದೆ. ಹೊರಗೆ ನೀರಿನಲ್ಲಿ ತೊಳೆದರೆ ಸಾಕು.

“ಆಸೆ ಇಲ್ಲದಿದ್ದರೆ ಹಾರ್ಮೋನೇ ಕಾರಣ.” ಹಾಗೂ ಅಲ್ಲ. ಇದು ಬಹಳ ಮುಖ್ಯ. ಆಸೆಯನ್ನು ಅಳೆದು ಹೇಳುವ ರಕ್ತ ಪರೀಕ್ಷೆ ಯಾವುದೂ ಇಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹನ್ನೊಂದರವರೆಗೆ ದುಡಿದ ಹೆಣ್ಣಿಗೆ ಬೇಕಾಗಿರುವುದು ನಿದ್ದೆ. ಕುಡಿದು ಬಂದು ಬೈದ ಗಂಡನ ಮೇಲೆ ಆಸೆ ಹುಟ್ಟದಿದ್ದರೆ ಅದಕ್ಕೆ ಮಾತ್ರೆ ಇಲ್ಲ. ಒಂದೇ ಕೋಣೆಯ ಮನೆ, ಪಕ್ಕದಲ್ಲಿ ಬೆಳೆದ ಮಕ್ಕಳು, ಮತ್ತೆ ಗರ್ಭ ನಿಲ್ಲುವ ಹೆದರಿಕೆ, ಹಿಂದೆ ಅನುಭವಿಸಿದ ಹಿಂಸೆ ಇವೆಲ್ಲವೂ ಕಾರಣಗಳೇ. ಬಿ.ಪಿ., ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಆಸೆ ಕುಗ್ಗುತ್ತದೆ. ಅಂಥ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ ಬದಲಾಯಿಸಿಕೊಳ್ಳಿ.

ಏನು ಮಾಡಬಹುದು?

ಮನೆಯಲ್ಲಿ: ದಿನಕ್ಕೆ ಅರ್ಧ ಗಂಟೆ ಬೀಸು ನಡಿಗೆ. ರಾಗಿ, ಸೊಪ್ಪು, ಕಾಳು, ಮೊಟ್ಟೆ, ಹಾಲು, ಎಳ್ಳು ಊಟದಲ್ಲಿರಲಿ. ಎಲ್ಲರಿಗೂ ಬಡಿಸಿ ಉಳಿದದ್ದನ್ನು ತಿನ್ನುವ ಅಭ್ಯಾಸ ಬಿಡಿ. ಒಣಗುವಿಕೆಗೆ ಔಷಧಿ ಅಂಗಡಿಯಲ್ಲಿ ಸಿಗುವ ನೀರಿನಂಶದ ಜೆಲ್ ಬಳಸಬಹುದು. ಶುದ್ಧ ಕೊಬ್ಬರಿ ಎಣ್ಣೆಯನ್ನೂ ಬಳಸುವವರಿದ್ದಾರೆ. ಆದರೆ ನಿರೋಧ್ ಬಳಸುವವರು ಎಣ್ಣೆ ಹಚ್ಚಬಾರದು, ಅದು ಹರಿಯುತ್ತದೆ.

ಆಸ್ಪತ್ರೆಯಲ್ಲಿ: ಥೈರಾಯ್ಡ್‌ಗೆ ಟಿ.ಎಸ್.ಎಚ್. ಎಂಬ ರಕ್ತ ಪರೀಕ್ಷೆ ಇದೆ. ಥೈರಾಯ್ಡ್ ಹಾರ್ಮೋನ್ ಕಡಿಮೆ ಇದ್ದರೆ ದಿನಕ್ಕೊಂದು ಮಾತ್ರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಬೇಕು. ಕಬ್ಬಿಣದ ಮಾತ್ರೆಯನ್ನು ಅದರ ಜೊತೆಗೇ ನುಂಗಬೇಡಿ, ನಾಲ್ಕು ಗಂಟೆ ಅಂತರವಿರಲಿ. ಮುಟ್ಟು ನಿಂತವರ ಒಣಗುವಿಕೆಗೆ ಈಸ್ಟ್ರೋಜನ್ ಇರುವ ಮುಲಾಮು ಇದೆ. ಅದು ಆ ಜಾಗದಲ್ಲೇ ಕೆಲಸ ಮಾಡುತ್ತದೆ, ರಕ್ತಕ್ಕೆ ಹೋಗುವುದು ಬಹಳ ಕಡಿಮೆ. ಮೈ ಬಿಸಿ ತಡೆಯಲಾಗದಿದ್ದರೆ, ಚಿಕ್ಕ ವಯಸ್ಸಿಗೇ ಅಂಡಾಶಯ ತೆಗೆದಿದ್ದರೆ ಹಾರ್ಮೋನ್ ಮಾತ್ರೆ ಕೊಡುತ್ತಾರೆ. ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನ್ ಕೂಡ ಬೇಕು. ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವ ತೊಂದರೆ ಆದವರು ಅದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ಪಕ್ಕದ ಮನೆಯವರ ಮಾತ್ರೆಯನ್ನು ನೀವು ನುಂಗಬೇಡಿ.

ಕೂಡಲೇ ತೋರಿಸಬೇಕಾದ್ದು: ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ, ಗಂಡನ ಜೊತೆ ಸೇರಿದ ಮೇಲೆ ರಕ್ತ ಹೋದರೂ, ಎದೆಯಲ್ಲಿ ಗಂಟು ಸಿಕ್ಕರೂ, 40 ವರ್ಷಕ್ಕೆ ಮೊದಲೇ ಮುಟ್ಟು ನಿಂತರೂ ತಡಮಾಡಬಾರದು. 30 ವರ್ಷ ದಾಟಿದವರು ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಪಾಸಣೆಯ ಬಗ್ಗೆ ಆಶಾ ಕಾರ್ಯಕರ್ತೆಯನ್ನು ಕೇಳಿ.

ಗಂಡ-ಹೆಂಡತಿ ಮಾತಾಡಿಕೊಳ್ಳುವುದು

ನೋವನ್ನು ಹಲ್ಲು ಕಚ್ಚಿ ಸಹಿಸುವುದು ಪತಿಭಕ್ತಿ ಅಲ್ಲ. ನೋವಿದ್ದರೆ ಬಾಯಿಬಿಟ್ಟು ಹೇಳಿ. ಜಗಳದ ಹೊತ್ತಿನಲ್ಲಿ ಬೇಡ, ಮಲಗುವ ಹೊತ್ತಿನಲ್ಲೂ ಬೇಡ. ತೋಟಕ್ಕೆ ಹೋಗುವಾಗ, ಸಂತೆಯಿಂದ ಬರುವಾಗ, ಇಬ್ಬರೇ ಇರುವಾಗ ಹೇಳಿ: “ನಿಮ್ಮ ಮೇಲೆ ಬೇಸರ ಇಲ್ಲ. ನನಗೆ ಮೈ ಸರಿಯಿಲ್ಲ. ಡಾಕ್ಟರ ಹತ್ರ ಜೊತೆಗೆ ಬನ್ನಿ.” ಎಷ್ಟೋ ಗಂಡಂದಿರು ಕೆಟ್ಟವರಲ್ಲ, ಅವರಿಗೆ ಗೊತ್ತಿಲ್ಲ ಅಷ್ಟೆ. ಆತುರಪಡದೆ ಸಮಯ ಕೊಟ್ಟರೆ, ಪ್ರೀತಿಯ ಮಾತು ಇದ್ದರೆ ಹೆಣ್ಣಿನ ಮೈ ತಾನಾಗಿ ಸಿದ್ಧವಾಗುತ್ತದೆ. ಹೆಣ್ಣಿನ ಸುಖವೂ ದಾಂಪತ್ಯದ ಭಾಗವೇ, ಅದನ್ನು ಬಯಸುವುದರಲ್ಲಿ ತಪ್ಪಿಲ್ಲ.

ಬೇಡ ಎಂದಾಗಲೂ ಬಲವಂತ ಮಾಡುವುದು, ಹೊಡೆಯುವುದು ಇದ್ದರೆ ಅದು ಹಾರ್ಮೋನಿನ ವಿಷಯ ಅಲ್ಲ, ಹಿಂಸೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯಲ್ಲಿ ಲೈಂಗಿಕ ದೌರ್ಜನ್ಯವೂ ಸೇರಿದೆ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು. ಮನಸ್ಸಿನ ಕಷ್ಟಕ್ಕೆ ಸರ್ಕಾರದ ಟೆಲಿ ಮಾನಸ್ 14416 ಇದೆ. ಸಂಘದ ಗೆಳತಿಯರು ಅಂಥ ಸಹೋದರಿಯನ್ನು ಒಂಟಿಯಾಗಿ ಬಿಡಬಾರದು.

ಮುಂದೇನಾಯಿತು?

ಸಂಘದವರು ಆ ದಿನ 40,000 ರೂಪಾಯಿ ಸಾಲ ಮಂಜೂರು ಮಾಡಲಿಲ್ಲ. ಇಲ್ಲ ಎಂದೂ ಹೇಳಲಿಲ್ಲ. ಬಸ್ ಚಾರ್ಜು, ಪರೀಕ್ಷೆಯ ಖರ್ಚಿಗೆಂದು 2,000 ರೂಪಾಯಿ ಕೊಟ್ಟು, ಇಬ್ಬರು ಸದಸ್ಯೆಯರನ್ನು ಜೊತೆಗೆ ಕಳಿಸಿದರು. ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಥೈರಾಯ್ಡ್ ಬಹಳ ಕಡಿಮೆ ಇತ್ತು, ಹಿಮೋಗ್ಲೋಬಿನ್ 8 ಇತ್ತು. ಗರ್ಭಕೋಶಕ್ಕೆ ಏನೂ ಆಗಿರಲಿಲ್ಲ. ಥೈರಾಯ್ಡ್ ಮಾತ್ರೆ, ಕಬ್ಬಿಣದ ಮಾತ್ರೆ ಶುರುವಾಯಿತು. ಒಂದೇ ವಾರದಲ್ಲಿ ಪವಾಡ ಆಗಲಿಲ್ಲ. ಐದಾರು ತಿಂಗಳಾದ ಮೇಲೆ ಮುಟ್ಟು ಒಂದು ಹದಕ್ಕೆ ಬಂತು, ಸುಸ್ತು ಇಳಿಯಿತು. ಎರಡನೇ ಸಲ ಆಸ್ಪತ್ರೆಗೆ ಹೋಗುವಾಗ ಗಂಡನೂ ಜೊತೆಗಿದ್ದರು. ಡಾಕ್ಟರ್ ಬಾಯಿಂದ ಕೇಳಿದ ಮೇಲೆ “ನಾನು ಬೇರೆ ಏನೋ ತಿಳ್ಕೊಂಡಿದ್ದೆ” ಎಂದರಂತೆ. ಜಗಳ ಪೂರ್ತಿ ನಿಂತಿಲ್ಲ, ಆದರೆ ಆ ಜಗಳ ನಿಂತಿದೆ ಎಂದು ಆಕೆ ನಗುತ್ತಾ ಹೇಳಿದರು.

ಮೂಲೆಯಲ್ಲಿ ಕುಳಿತಿದ್ದ ಅಕ್ಕನನ್ನೂ ಅದೇ ಡಾಕ್ಟರಿಗೆ ತೋರಿಸಿದೆವು. ಮುಲಾಮು ಬರೆದುಕೊಟ್ಟರು, ಮೂಳೆಗೆ ಕ್ಯಾಲ್ಸಿಯಂ ಕೊಟ್ಟರು. ಉರಿ, ನೋವು ಕಡಿಮೆಯಾಗಿದೆ. ಕಳೆದ ಹನ್ನೊಂದು ವರ್ಷವನ್ನು ಯಾರೂ ವಾಪಸು ಕೊಡಲಾರರು. ಆದರೆ ಈಗ ಆ ಅಕ್ಕ ತಮ್ಮ ಸಂಘದಲ್ಲಿ ಒಂದು ನಿಯಮ ಮಾಡಿಸಿದ್ದಾರೆ: ಗರ್ಭಕೋಶದ ಆಪರೇಷನ್‌ಗೆ ಸಾಲ ಕೇಳಿದರೆ ಇಬ್ಬರು ಡಾಕ್ಟರ ಚೀಟಿ ಮತ್ತು ರಕ್ತ ಪರೀಕ್ಷೆಯ ವರದಿ ಅರ್ಜಿಯ ಜೊತೆ ಇರಬೇಕು. ತುರ್ತು ಇದ್ದರೆ ಮಾತ್ರ ವಿನಾಯಿತಿ. ಈ ನಿಯಮವನ್ನು ನಿಮ್ಮ ಸಂಘದ ನಡಾವಳಿ ಪುಸ್ತಕದಲ್ಲೂ ಬರೆಯಬಹುದಲ್ಲವೇ?

ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ, ನಮ್ಮ ಬೀದಿಯಲ್ಲಿ 40 ವರ್ಷಕ್ಕೆ ಮೊದಲೇ ಗರ್ಭಕೋಶ ತೆಗೆಸಿಕೊಂಡವರು ಎಷ್ಟು ಮಂದಿ? ಕಾರಣ ಅವರಿಗೆ ಗೊತ್ತಿದೆಯೇ? (ಹೇಳಲು ಇಷ್ಟವಿದ್ದವರು ಮಾತ್ರ ಹೇಳಲಿ. ಸಭೆಯಲ್ಲಿ ಕೇಳಿದ್ದು ಸಭೆಯಲ್ಲೇ ಉಳಿಯಲಿ.)
2. ಬಾಣಂತಿ ಸೊಸೆಗೆ, ಮುಟ್ಟು ನಿಲ್ಲುತ್ತಿರುವ ಅತ್ತೆಗೆ ಮನೆಯಲ್ಲಿ ಯಾವ ಕೆಲಸ ಕಡಿಮೆ ಮಾಡಬಹುದು?
3. ನಮ್ಮ ಮುಂದಿನ ಸಭೆಗೆ ಆರೋಗ್ಯ ಕೇಂದ್ರದ ಡಾಕ್ಟರನ್ನು ಕರೆದರೆ ಕೇಳಬೇಕಾದ ಮೂರು ಪ್ರಶ್ನೆ ಯಾವುವು? ಹೆಸರು ಹಾಕದೆ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿ.

ಈ ಪಾಠವನ್ನು ಓದಲು ಬಾರದ ಸದಸ್ಯೆಯರಿಗೆ ಓದಿ ಹೇಳಿ. ಮನೆಗೆ ಒಯ್ದು ಗಂಡನ ಕಣ್ಣಿಗೆ ಬೀಳುವ ಕಡೆ ಇಟ್ಟರೂ ನಮಗೆ ಸಂತೋಷವೇ.